ಸಫಾರಿಗೆ ಎಲ್ಲಿಗೆ ಹೋಗೋಣ? ಮಸಾಯಿ ಮಾರಾದಿಂದ ಕೊಕ್ಕರೆ ಬೆಳ್ಳೂರಿನವರೆಗೆ

1/11
ಜುಲೈ ಬಂತು ಅಂದ್ರೆ ಸಾಕು, ಫೀಡ್ ತುಂಬಾ ಮಾರಾ ನದಿ. ಸಾವಿರಾರು ವೈಲ್ಡ್‌ಬೀಸ್ಟ್ ಒಟ್ಟಿಗೆ ನೀರಿಗೆ ಧುಮುಕ್ತವೆ, ಮೊಸಳೆ ಕಾಯ್ತಾ ಇರುತ್ತೆ, ಹಿಂದೆ ಡ್ರಮ್ ಮ್ಯೂಸಿಕ್. ಕೆಳಗೆ ಕಾಮೆಂಟಲ್ಲಿ ಒಂದೇ ಪ್ರಶ್ನೆ: "ಕೀನ್ಯಾನಾ, ತಾಂಜಾನಿಯಾನಾ, ಸೌತ್ ಆಫ್ರಿಕಾನಾ? ಪ್ರಾಣಿ ನೋಡೋಕೆ ಯಾವುದು ಬೆಸ್ಟ್?"

ಒಳ್ಳೆ ಪ್ರಶ್ನೆನೇ. ಆದರೆ ಉತ್ತರಕ್ಕೆ ಮುಂಚೆ ಆ ಪದ ನೋಡಿ. ಸ್ವಾಹಿಲಿ ಭಾಷೆಯಲ್ಲಿ "ಸಫಾರಿ" ಅಂದ್ರೆ ಪ್ರಯಾಣ, ಅಷ್ಟೆ. ಮೂಲ ಅರಬ್ಬಿಯ "ಸಫರ್", ಹಿಂದಿ ಹಾಡುಗಳಲ್ಲಿ ನಾವು ಕೇಳೋ ಅದೇ ಸಫರ್. ಅದರಲ್ಲಿ ಪ್ರಾಣಿನೂ ಇಲ್ಲ, ಜೀಪೂ ಇಲ್ಲ. ಬಂದೂಕು ಹಿಡಿದು ಬಂದ ಯೂರೋಪಿನವರಿಂದ ಅದು ಬೇಟೆ ಪ್ರಯಾಣ ಆಯ್ತು. ಆಮೇಲೆ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು, ಪದ ಹಾಗೇ ಉಳೀತು. ಬೇಟೆಗೆ ಭಾರತದಲ್ಲಿ 1972ರ ಕಾಯ್ದೆ ತಡೆ ಹಾಕಿತು, ಕೀನ್ಯಾದಲ್ಲಿ 1977ರಲ್ಲಿ ನಿಷೇಧ ಬಂತು.

ಅಂದ್ರೆ ಇವತ್ತಿನ ಪ್ರತಿ ಸಫಾರಿ ಜಾಗಕ್ಕೂ ಒಂದು ಹಳೇ ಲೆಕ್ಕಪುಸ್ತಕ ಇದೆ. ಬಿಕಾಂ ಓದೋರಿಗೆ ಯಾವ ಪುಸ್ತಕ ಸಿಕ್ಕಿದ್ರೂ ಡೆಬಿಟ್ ಎಲ್ಲಿ, ಕ್ರೆಡಿಟ್ ಎಲ್ಲಿ ಅಂತ ನೋಡೋ ಚಟ. ಹಾಗಾಗಿ ಈ ಸರಣಿಯಲ್ಲಿ ಪ್ರತಿ ಜಾಗಕ್ಕೂ ಮೂರು ಪ್ರಶ್ನೆ ಕೇಳ್ತೀನಿ. ಇದನ್ನ ಯಾರು ಮಾಡಿದ್ರು? ಮಾಡಿದಾಗ ಅಲ್ಲಿದ್ದ ಜನ ಎಲ್ಲಿಗೆ ಹೋದ್ರು? ಇವತ್ತು ಪ್ರಾಣಿ ಉಳಿಯೋ ಖರ್ಚು ಯಾರ ಜೇಬಿಂದ ಹೋಗ್ತಿದೆ?

ಆಫ್ರಿಕಾದಿಂದ ಶುರು ಮಾಡಿ ಮದ್ದೂರು, ಮಳವಳ್ಳಿಗೆ ಬರೋಣ. ಸೇವ್ ಮಾಡ್ಕೊಳ್ಳಿ, ಉದ್ದ ಇದೆ.

2/11
ಮೊದಲು ಆಫ್ರಿಕಾದ ನಾಲ್ಕು ದೊಡ್ಡ ಹೆಸರು. ಅಳತೆ ಗೊತ್ತಾಗ್ಲಿ ಅಂತ ನಮ್ಮ ಜಿಲ್ಲೆನೇ ಸ್ಕೇಲ್ ಮಾಡ್ಕೊಂಡಿದೀನಿ. ಮಂಡ್ಯ ಜಿಲ್ಲೆ ಸುಮಾರು 4,960 ಚದರ ಕಿ.ಮೀ.

ಮಸಾಯಿ ಮಾರಾ, ಕೀನ್ಯಾ. ಸುಮಾರು 1,500 ಚದರ ಕಿ.ಮೀ. ಅಂದ್ರೆ ಮಂಡ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ರೀಲ್ಸಲ್ಲಿ ನೋಡೋ ನದಿ ದಾಟೋ ದೃಶ್ಯಕ್ಕೆ ಜುಲೈನಿಂದ ಅಕ್ಟೋಬರ್.

ಸೆರೆಂಗೆಟಿ, ತಾಂಜಾನಿಯಾ. ಹೆಚ್ಚೂ ಕಡಿಮೆ ಮೂರು ಮಂಡ್ಯ ಜಿಲ್ಲೆ. ಮಾರಾದಲ್ಲಿ ಕಾಣೋ ಹಿಂಡುಗಳು ವರ್ಷದ ಬಹುಪಾಲು ಇರೋದು ಇಲ್ಲೇ. ಗಡಿ ನಮಗೆ, ಅವಕ್ಕಲ್ಲ. ಜನವರಿಯಿಂದ ಮಾರ್ಚ್ ಒಳಗೆ ದಕ್ಷಿಣದ ಹುಲ್ಲುಗಾವಲಲ್ಲಿ ಮರಿ ಹಾಕ್ತವೆ. ಅದು ಇನ್ನೊಂದು ಸೀಸನ್.

ಕ್ರೂಗರ್, ದಕ್ಷಿಣ ಆಫ್ರಿಕಾ. ಹತ್ತಿರ ಹತ್ತಿರ ನಾಲ್ಕು ಮಂಡ್ಯ ಜಿಲ್ಲೆ. ಒಳಗೆ ಟಾರ್ ರಸ್ತೆ ಇದೆ, ನಿಮ್ಮದೇ ಕಾರಲ್ಲಿ ಓಡಾಡಬಹುದು. ಮೇ ಇಂದ ಸೆಪ್ಟೆಂಬರ್ ಒಣಗಾಲ, ಆಗ ನೀರಿರೋ ಕಡೆ ಪ್ರಾಣಿ ಸೇರ್ತವೆ.

ಒಕಾವಾಂಗೊ, ಬೋಟ್ಸ್‌ವಾನಾ. ಸಮುದ್ರ ಸೇರದೆ ಮರಳುಗಾಡಲ್ಲೇ ಹರಡಿಕೊಳ್ಳೋ ನದಿ. ಅಂಗೋಲಾದಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು, ಇಲ್ಲಿ ಒಣಗಾಲ ಇರುವಾಗ ಬಂದು ತುಂಬಿಕೊಳ್ಳುತ್ತೆ. ಓಡಾಟ ಮೊಕೊರೊ ಅನ್ನೋ ಉದ್ದದ ದೋಣಿಯಲ್ಲಿ. ಕಡಿಮೆ ಜನ, ಜಾಸ್ತಿ ದುಡ್ಡು ಅನ್ನೋದು ಆ ದೇಶದ ಪಾಲಿಸಿ.

ಇದು ಬ್ರೋಷರ್ ಮಟ್ಟದ ಮಾಹಿತಿ, ಯಾವ ಏಜೆಂಟ್ ಬೇಕಾದ್ರೂ ಹೇಳ್ತಾರೆ. ಅವರು ಹೇಳದೇ ಇರೋದು ಮುಂದಿನ ಪೋಸ್ಟಿಂದ.

3/11
ಕ್ರೂಗರ್ ಮತ್ತು ಬಂಡೀಪುರ

1898ರಲ್ಲಿ ಟ್ರಾನ್ಸ್‌ವಾಲ್‌ನ ಅಧ್ಯಕ್ಷ ಪಾಲ್ ಕ್ರೂಗರ್ ಸಾಬಿ ನದಿ ಪ್ರದೇಶವನ್ನು ಬೇಟೆ ಇಲ್ಲದ ಕಾಡು ಅಂತ ಘೋಷಿಸಿದ. ಸುತ್ತಮುತ್ತಲ ಕಾಡೂ ಸೇರಿ 1926ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯ್ತು, ಮರುವರ್ಷವೇ ಪ್ರವಾಸಿಗರ ಕಾರು ಒಳಗೆ ಬಂದ್ವು.

ಈಗ ಇತ್ತ ನೋಡಿ. ಬಂಡೀಪುರ ಮೈಸೂರು ಅರಸರ ಬೇಟೆ ಕಾಡು. 1931ರಲ್ಲಿ ಸುಮಾರು 90 ಚದರ ಕಿ.ಮೀ. ಅಭಯಾರಣ್ಯ ಆಯ್ತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿಸಿ "ವೇಣುಗೋಪಾಲ ವನ್ಯಜೀವಿ ಪಾರ್ಕ್" ಅಂತ ಹೆಸರಿಟ್ಟರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಎರಡೂ ಕಡೆ ಕಥೆ ಒಂದೇ. ಬೇಟೆ ಆಡೋ ಹಕ್ಕಿದ್ದವರೇ ಬೇಟೆ ನಿಲ್ಲಿಸಿ ಬೇಲಿ ಹಾಕಿದ್ರು. ಅದರಿಂದ ಪ್ರಾಣಿ ಉಳಿದ್ವು, ಇದು ನಿಜ. ಆದರೆ ನಿರ್ಧಾರ ಮಾಡಿದವರ ಪಟ್ಟಿಯಲ್ಲಿ ಕಾಡಲ್ಲೇ ಬದುಕ್ತಿದ್ದವರ ಹೆಸರಿಲ್ಲ.

ಕ್ರೂಗರ್‌ನ ಉತ್ತರ ತುದಿಯಲ್ಲಿ ಮಕುಲೆಕೆ ಅನ್ನೋ ಜನ ಇದ್ರು. 1969ರಲ್ಲಿ ಅವರನ್ನು ಬಲವಂತವಾಗಿ ಎಬ್ಬಿಸಿ ಆ ಭೂಮಿಯನ್ನ ಪಾರ್ಕಿಗೆ ಸೇರಿಸಿದ್ರು. ವರ್ಣಭೇದ ಆಡಳಿತ ಹೋದ ಮೇಲೆ ಅವರು ಭೂಮಿಗಾಗಿ ಕ್ಲೈಮ್ ಹಾಕಿದ್ರು, 1998ರಲ್ಲಿ ಒಪ್ಪಂದ ಆಗಿ ವಾಪಸ್ ಸಿಕ್ತು. ಸಿಕ್ಕ ಮೇಲೆ ಏನು ಮಾಡಿದ್ರು ಅಂತೀರಾ? ಅಲ್ಲಿ ಉಳುಮೆ ಮಾಡಲಿಲ್ಲ, ಕಾಡಾಗೇ ಇಟ್ಕೊಂಡ್ರು. ಒಡೆತನ ಅವರದ್ದು, ಪ್ರವಾಸೋದ್ಯಮದ ಆದಾಯವೂ ಅವರದ್ದು. ಭೂಮಿ ಜನರ ಕೈಗೆ ಕೊಟ್ಟರೆ ಕಾಡು ಮುಗೀತು ಅನ್ನೋರಿಗೆ ಈ ಒಂದು ಉದಾಹರಣೆ ತೋರಿಸಿ.

4/11
ಸೆರೆಂಗೆಟಿ ಮತ್ತು ಕಾಕನಕೋಟೆ

1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಆದಾಗ ಮಸಾಯಿ ಜನ ದನ ಮೇಯಿಸ್ಕೊಂಡು ಅಲ್ಲೇ ಇದ್ರು. 1959ರಲ್ಲಿ ಅವರನ್ನು ಆಚೆ ಕಳಿಸಿ, ಪಕ್ಕದ ಗೊರೊಂಗೊರೊದಲ್ಲಿ "ಇಲ್ಲಿ ನೀವೂ ಇರಿ, ಪ್ರಾಣಿನೂ ಇರಲಿ" ಅಂತ ಜಾಗ ಕೊಟ್ಟರು. ಅದೇ 1959ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಸೆರೆಂಗೆಟಿ ಉಳಿಸಿ ಅನ್ನೋ ಸಾಕ್ಷ್ಯಚಿತ್ರ ಮಾಡಿದ, ಅದಕ್ಕೆ ಆಸ್ಕರ್ ಬಂತು. ಜಗತ್ತೆಲ್ಲ ಆ ಖಾಲಿ ಬಯಲನ್ನ ನೋಡ್ತು. ಖಾಲಿ ಆಗಿದ್ದು ಹೇಗೆ ಅಂತ ಕೇಳಿದವರು ಕಡಿಮೆ. 2022ರಿಂದ ಗೊರೊಂಗೊರೊದಿಂದಲೂ ಮಸಾಯಿ ಕುಟುಂಬಗಳನ್ನ ದೂರದ ಎಂಸೊಮೆರಾಗೆ ಕಳಿಸ್ತಿದಾರೆ.

ನಮ್ಮಲ್ಲಿ ಇದಕ್ಕೆ ಜೋಡಿ ಎಚ್.ಡಿ. ಕೋಟೆ ಕಡೆಯ ಕಾಕನಕೋಟೆ. ಖೆಡ್ಡಾದ ಊರು. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್‌ಸನ್ ಅನ್ನೋ ಅಧಿಕಾರಿ ಚಾಮರಾಜನಗರದ ಹತ್ರ ಆನೆ ಹಿಂಡನ್ನ ಅಟ್ಟಿ ಹಿಡಿಯೋ ಪದ್ಧತಿಯನ್ನ ಮೈಸೂರಲ್ಲಿ ಯಶಸ್ವಿ ಮಾಡಿದ. ಆಮೇಲೆ ಕಾಕನಕೋಟೆಯ ಕಬಿನಿ ದಡ ಅದರ ದೊಡ್ಡ ರಂಗಸ್ಥಳ ಆಯ್ತು. ಹಿಂಡನ್ನ ದಿನಗಟ್ಟಲೆ ಸುತ್ತುವರಿದು, ತಮಟೆ, ಬೆಂಕಿ, ಕೂಗಾಟದಿಂದ ಹೊಳೆಗೆ ಇಳಿಸಿ, ಆ ದಡದ ದೊಡ್ಡಿಗೆ ಹತ್ತಿಸೋದು. ವೈಸ್‌ರಾಯ್‌ಗಳು, ರಾಜಮನೆತನದ ಅತಿಥಿಗಳು ಮೇಲೆ ಕಟ್ಟಿದ ಗ್ಯಾಲರಿಯಲ್ಲಿ ಕೂತು ನೋಡೋರು. ಯೋಚ್ನೆ ಮಾಡಿ, ಟಿಕೆಟ್ ಇಲ್ಲದ ಸಫಾರಿ ಅಂದ್ರೆ ಅದೇ.

ಕೆಳಗೆ ಕಾಡಲ್ಲಿ ಜೀವ ಪಣಕ್ಕಿಟ್ಟು ಆನೆ ಅಟ್ಟಿದವರಲ್ಲಿ ಜೇನು ಕುರುಬರು, ಬೆಟ್ಟ ಕುರುಬರು ಇದ್ರು. ಆನೆಯ ದಾರಿ, ಮದ, ಸಿಟ್ಟು ಗೊತ್ತಿದ್ದದ್ದು ಅವರಿಗೆ. ಫೋಟೊದಲ್ಲಿ ಹೆಸರು ಬಂದಿದ್ದು ಗ್ಯಾಲರಿಯವರದ್ದು.

ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ.

5/11
ಆಮೇಲೆ ಮೂರು ವರ್ಷಕ್ಕೆ, 1974ರಲ್ಲಿ, ಬೀಚನಹಳ್ಳಿ ಹತ್ರ ಕಬಿನಿಗೆ ಅಣೆಕಟ್ಟು ಬಂತು. ಖೆಡ್ಡಾ ನಡೆದ ಹಳೇ ಕಾಕನಕೋಟೆ ಹಿನ್ನೀರಿನ ಅಡಿ ಹೋಯ್ತು. ಈಗ ಬೇಸಿಗೆಯಲ್ಲಿ ನೀರು ಇಳಿದಾಗ ಆ ದಡದಲ್ಲಿ ಹಸಿರು ಹುಲ್ಲು ಬರುತ್ತೆ, ಸುತ್ತಲ ಕಾಡು ಒಣಗಿರುತ್ತೆ. ಹಾಗಾಗಿ ಮಾರ್ಚ್‌ನಿಂದ ಮೇ ತನಕ ನೂರಾರು ಆನೆ ಒಟ್ಟಿಗೆ ಸೇರ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕಾಣೋ ಜಾಗ ಜಗತ್ತಲ್ಲೇ ಕಡಿಮೆ. ಮಾರಾದ ವಲಸೆಗೆ ನಮ್ಮ ಕಡೆಯ ಉತ್ತರ ಇದು ಅಂತ ಹೇಳಬಹುದು, ಆದರೆ ಇದನ್ನ ಮಾಡಿದ್ದು ಪ್ರಕೃತಿ ಒಂದೇ ಅಲ್ಲ, ಒಂದು ಡ್ಯಾಮು ಕೂಡ.

ಇದೇ ಕಾಲದಲ್ಲಿ ಬಂದ ಸಿನಿಮಾ ನಿಮಗೆಲ್ಲ ಗೊತ್ತು. 1973, "ಗಂಧದ ಗುಡಿ". ಹುಲಿ ಯೋಜನೆ ಶುರುವಾದ ವರ್ಷವೇ ಅಣ್ಣಾವ್ರು ಅರಣ್ಯಾಧಿಕಾರಿ ವೇಷದಲ್ಲಿ ಬಂದ್ರು. ಬಂದೂಕು ಹಿಡಿದ ಸಾಹುಕಾರ ವಿಲನ್ನು, ಖಾಕಿ ಹಾಕಿದವರು ಹೀರೋ. ಕಾಡು ಅಂದ್ರೆ ಕಾಯಬೇಕಾದದ್ದು ಅಂತ ಒಂದು ತಲೆಮಾರಿನ ಕನ್ನಡಿಗರಿಗೆ ಅನ್ನಿಸಿದ್ದಕ್ಕೆ ಸರ್ಕಾರದ ಸುತ್ತೋಲೆಗಿಂತ ಆ ಸಿನಿಮಾ ಜಾಸ್ತಿ ಕಾರಣ ಅಂತ ನನ್ನ ಅಭಿಪ್ರಾಯ.

1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು. ಕಬಿನಿ ದಡದ ಕಾರಾಪುರದಲ್ಲಿ, ಅರಸರ ಕಾಲದ ಬೇಟೆ ಬಂಗಲೆಗಳ ಜಾಗದಲ್ಲಿ ರೆಸಾರ್ಟ್ ಆಯ್ತು. ಬೇಟೆ ಬಂಗಲೆಯಿಂದ ಸಫಾರಿ ಲಾಡ್ಜ್‌ಗೆ ಬಂದ ದಾರಿ ಆಫ್ರಿಕಾದಲ್ಲೂ ಇದೇ.

ಮತ್ತೆ ಎರಡನೇ ಪ್ರಶ್ನೆ: ಅಲ್ಲಿದ್ದವರು? ನಾಗರಹೊಳೆ 1955ರಲ್ಲಿ ಅಭಯಾರಣ್ಯ ಆಗಿ, ಆಮೇಲೆ ರಾಷ್ಟ್ರೀಯ ಉದ್ಯಾನ ಆಗ್ತಾ ಹೋದಂಗೆ ಹಾಡಿಗಳನ್ನ ಆಚೆ ತಂದ್ರು. ಎಷ್ಟೋ ಜೇನು ಕುರುಬ ಕುಟುಂಬಗಳು ಕೊಡಗಿನ ಕಾಫಿ ತೋಟದ ಲೈನ್ ಮನೆ ಸೇರಿದ್ವು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಜಗಳ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಹಲವು ಜೇನು ಕುರುಬ ಕುಟುಂಬಗಳು ತಮ್ಮ ಹಿರಿಯರ ಹಾಡಿ ಇದ್ದ ಜಾಗ ಅಂತ ಹೇಳಿ ಕಾಡೊಳಗೆ ವಾಪಸ್ ಹೋಗಿ ಗುಡಿಸಲು ಹಾಕಿದ್ರು. ನೀವು ಕಬಿನಿಗೆ ಹೋದಾಗ ಜೀಪ್ ಓಡೋ ದಾರಿ ಹಿಂದೆ ಇಷ್ಟೆಲ್ಲ ಇದೆ.

6/11
ಮೈಸೂರಿನ ಆಫ್ರಿಕಾ

ಮಂಡ್ಯದ ಹುಡುಗರು ಜಿರಾಫೆ ಮೊದಲು ನೋಡೋದು ಎಲ್ಲಿ? ಸ್ಕೂಲ್ ಟ್ರಿಪ್ಪಲ್ಲಿ, ಮೈಸೂರು ಝೂನಲ್ಲಿ. 1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ ಶುರುವಾದದ್ದು. ಆಫ್ರಿಕಾದ ಆನೆ ಕೂಡ ಅಲ್ಲಿ ನೋಡಬಹುದು, ಕಿವಿ ನೋಡಿದ್ರೆ ಗೊತ್ತಾಗುತ್ತೆ. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೂರು ಚೀತಾ ಬಂದ್ವು.

ಆದರೆ ಮೈಸೂರಿಗೂ ಆಫ್ರಿಕಾಕ್ಕೂ ಇನ್ನೊಂದು ನಂಟು ಇದೆ, ಅದು ಅಷ್ಟು ಚಂದದ್ದಲ್ಲ. ವ್ಯಾನ್ ಇಂಗೆನ್ ಅನ್ನೋ ಕುಟುಂಬದ ಸಂಸ್ಥೆ ಮೈಸೂರಲ್ಲಿ ಸುಮಾರು ನೂರು ವರ್ಷ ನಡೀತು, 1999ರಲ್ಲಿ ಮುಚ್ಚಿತು. ಕೆಲಸ ಏನು ಗೊತ್ತಾ? ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದ ಮಾಡಿ, ಒಳಗೆ ತುಂಬಿ, ಜೀವ ಇದ್ದ ಹಾಗೇ ನಿಲ್ಲಿಸೋದು. ದೇಶದ ಎಷ್ಟೋ ಅರಮನೆಗಳ ಗೋಡೆ ಮೇಲಿನ ಹುಲಿ ಮುಖ ಹೊರಬಿದ್ದದ್ದು ಆ ಕಾರ್ಖಾನೆಯಿಂದ. ಆಫ್ರಿಕಾದಲ್ಲಿ ಹೊಡೆದ ಪ್ರಾಣಿಗಳೂ ಅಲ್ಲಿಗೆ ಬರ್ತಿದ್ವು. ಆ ಮನೆಯ ಮಕ್ಕಳ ಹೆಸರು ಬೋಥಾ, ಡಿ ವೆಟ್, ಜೂಬೆರ್. ಮೂರೂ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಸೇನಾಪತಿಗಳ ಹೆಸರು.

ಈ ಡಿ ವೆಟ್ 1946ರಲ್ಲಿ ಕಬಿನಿ ಹೊಳೆಯಲ್ಲಿ ಗಾಳ ಹಾಕಿ 120 ಪೌಂಡಿನ ಮಹಶೀರ್ ಹಿಡಿದ. ಅಂದ್ರೆ 54 ಕೆಜಿ, ಒಬ್ಬ ಮನುಷ್ಯನಷ್ಟು ತೂಕದ ಮೀನು! ಗಾಳದ ಲೋಕದಲ್ಲಿ ಇವತ್ತಿಗೂ ಆ ದಾಖಲೆ ಹೇಳ್ತಾರೆ. ಆ ಮೀನೇ ನಮ್ಮನ್ನ ಈಗ ಮಳವಳ್ಳಿಗೆ ಕರ್ಕೊಂಡು ಬರುತ್ತೆ.

7/11
ಮುತ್ತತ್ತಿ, ಭೀಮೇಶ್ವರಿ

ಹಲಗೂರಿಂದ ಕಾಡಿನ ದಾರಿ ಹಿಡಿದರೆ ಕಾವೇರಿ ದಡದಲ್ಲಿ ಮುತ್ತತ್ತಿ. ಸೀತಮ್ಮನ ಆಭರಣ ಹೊಳೆಗೆ ಬಿತ್ತು, ಆಂಜನೇಯ ಬಾಲದಿಂದ ನೀರು ಕದಡಿ ತೆಗೆದುಕೊಟ್ಟ, ಅದಕ್ಕೇ ಮುತ್ತತ್ತಿರಾಯ ಅನ್ನೋ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಡಾ. ರಾಜ್‌ಕುಮಾರ್ ಅವರ ಹುಟ್ಟು ಹೆಸರು ಮುತ್ತುರಾಜ ಅಂತ ಬಂದದ್ದೂ ಈ ದೇವರ ಹರಕೆಯಿಂದ ಅಂತಾರೆ.

1977-78ರಲ್ಲಿ ಮೂವರು ಇಂಗ್ಲಿಷ್ ಗಾಳಗಾರರು ಮಹಶೀರ್ ಇನ್ನೂ ಉಳಿದಿದ್ಯಾ ಅಂತ ಹುಡುಕ್ಕೊಂಡು ಭಾರತಕ್ಕೆ ಬಂದ್ರು. ಕಾವೇರಿಯಲ್ಲಿ ಸಿಕ್ಕ ಮೀನು ನೋಡಿ ಅವರು ಬರೆದದ್ದರಿಂದ ಜಗತ್ತಿನ ಗಾಳಗಾರರು ಇತ್ತ ತಿರುಗಿದ್ರು. ಆಮೇಲೆ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನ ಮೀನುಗಾಳದ ಕ್ಯಾಂಪ್ ಬಂತು. ಹಿಡಿದ ಮೀನನ್ನ ತೂಕ ನೋಡಿ ವಾಪಸ್ ಬಿಡಬೇಕು ಅನ್ನೋ ನಿಯಮ. ಮುಂಚೆ ಕದ್ದು ಮೀನು ಹಿಡೀತಿದ್ದ ಊರಿನವರೇ ಹರಿಗೋಲು ನಡೆಸೋ ಗೈಡ್ ಆದ್ರು, ಕಾವಲುಗಾರರೂ ಆದ್ರು. ಸಿಡಿಮದ್ದು ಹಾಕಿ ಮೀನು ಹೊಡೆಯೋದಕ್ಕಿಂತ ಮೀನು ಬದುಕಿದ್ರೇ ಸಂಬಳ ಅನ್ನೋ ಲೆಕ್ಕ ಅವರಿಗೆ ಕೂತ್ಕೊಂತು.

1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿ ಧಾಮ ಆಯ್ತು, ಈಗ ಸಾವಿರ ಚದರ ಕಿ.ಮೀ. ದಾಟಿದೆ. ಮಳವಳ್ಳಿಯಿಂದ ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಾಮರಾಜನಗರ ಜಿಲ್ಲೆಗಳ ತನಕ. ಅಭಯಾರಣ್ಯದೊಳಗೆ ಗಾಳ ಹಾಕೋದು ಕಾನೂನು ಪ್ರಕಾರ ಬೇಟೆ ಅಂತ ಆಗಿ ಆ ಕ್ರೀಡೆ ನಿಂತಿತು. ಅದು ಸರಿ, ಅಲ್ಲ, ಗಾಳ ಇದ್ದಾಗಲೇ ಕಾವಲು ಗಟ್ಟಿ ಇತ್ತು ಅನ್ನೋ ಜಗಳ ಇನ್ನೂ ಇದೆ. 2018ರಲ್ಲಿ ವಿಜ್ಞಾನಿಗಳು ಕಾವೇರಿಯ ಈ ಗೂನುಬೆನ್ನಿನ ಮಹಶೀರ್ "ಟಾರ್ ರೆಮಾದೇವಿ" ಅನ್ನೋ ಜಾತಿ ಅಂತ ಗುರುತಿಸಿದ್ರು. ಅದೇ ವರ್ಷ ಅದು ಅಳಿವಿನ ಅತಿ ಹತ್ತಿರದ ಪಟ್ಟಿಗೆ ಸೇರ್ತು. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ.

ಇಲ್ಲಿ ಬೇರೆ ಏನು ನೋಡಬಹುದು? ಹೊಳೆಮತ್ತಿ ಮರದ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು, ಬಂಡೆ ಮೇಲೆ ಮೊಸಳೆ, ಗುಂಪಾಗಿ ಬರೋ ನೀರುನಾಯಿ, ಆನೆ. ಕ್ಯಾಮೆರಾ ಟ್ರ್ಯಾಪಿನಲ್ಲಿ ತರಕರಡಿ ಸಿಕ್ಕಿದೆ. ಆಫ್ರಿಕಾದ ವಿಡಿಯೊಗಳಲ್ಲಿ ಸಿಂಹಕ್ಕೂ ಹೆದರದ "ಹನಿ ಬ್ಯಾಡ್ಜರ್" ನೋಡಿರ್ತೀರಲ್ಲ, ಅದೇ ಪ್ರಾಣಿ. ಅಲ್ಲೂ ಇದೆ, ನಮ್ಮ ಹಲಗೂರಿನ ಆಚೆಗೂ ಇದೆ.

8/11
ಟಿಕೆಟ್ ಇಲ್ಲದೆ ಬರೋ ಆನೆ

ಮೂರನೇ ಪ್ರಶ್ನೆಗೆ ಉತ್ತರ ಬೇಕಾದ್ರೆ ಧಾಮದ ಅಂಚಿನ ಹಳ್ಳಿಗೆ ಬನ್ನಿ. ಕಾವೇರಿ ಧಾಮದ ಆನೆಗಳು ಮಳವಳ್ಳಿ, ಮದ್ದೂರು ಕಡೆ ಬರೋದು ಹೊಸ ಸುದ್ದಿ ಅಲ್ಲ. ರಾತ್ರಿ ಬಂದು ಕಬ್ಬು, ಭತ್ತ, ಬಾಳೆ ತಿಂದು, ತುಳಿದು ಹೋಗ್ತವೆ. ಕೆಲವು ಸಲ ಬೆಳಗಾದ್ರೂ ಕಬ್ಬಿನ ಗದ್ದೆ ಒಳಗೇ ಇರ್ತವೆ, ಊರು ಪೂರ್ತಿ ಸುತ್ತ ನಿಂತಿರುತ್ತೆ. ಕಬ್ಬು ಕಡಿಯುವಾಗ ಚಿರತೆ ಮರಿ ಸಿಗೋದೂ ನಮ್ಮ ಕಡೆ ಇದೆ. ಕಬ್ಬಿನ ಗದ್ದೆ ಅಂದ್ರೆ ಚಿರತೆಗೆ ಎತ್ತರದ ಹುಲ್ಲು, ನೆರಳು, ನೀರು, ಹತ್ತಿರದಲ್ಲೇ ನಾಯಿ. ಅದಕ್ಕೆ ಇನ್ನೇನು ಬೇಕು?

ಬೆಂಗಳೂರಿಂದ ಬಂದವರು ಜೀಪಿಗೆ ದುಡ್ಡು ಕೊಟ್ಟು ಆನೆ ಕಾಣಲಿಲ್ಲ ಅಂತ ಬೇಜಾರು ಮಾಡ್ಕೊಂಡು ಹೋಗ್ತಾರೆ. ಅದೇ ರಾತ್ರಿ ಅಂಚಿನ ಹಳ್ಳಿಯವರು ಆನೆ ಬಾರದೇ ಇರಲಿ ಅಂತ ಪಟಾಕಿ, ಟಾರ್ಚು ಇಟ್ಕೊಂಡು ಕಾಯ್ತಿರ್ತಾರೆ. ಪರಿಹಾರ ಇದೆ. ಆದರೆ ಅರ್ಜಿ, ಪಹಣಿ, ಸ್ಥಳ ಪರಿಶೀಲನೆ ಎಲ್ಲ ಮುಗಿದು ಕೈಗೆ ಬರೋದು ಆಮೇಲೆ. ಬೆಳೆ ಸಾಲದ ಕಂತು ಅದಕ್ಕೆಲ್ಲ ಕಾಯಲ್ಲ.

ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರೆ, ಆದಾಯ ರೆಸಾರ್ಟಿನ ಖಾತೆಗೆ ಜಮಾ, ಖರ್ಚು ರೈತನ ಖಾತೆಗೆ. ಆಫ್ರಿಕಾದಲ್ಲೂ ಪಾರ್ಕ್ ಪಕ್ಕದ ಹಳ್ಳಿಗಳ ದೂರು ಇದೇ. ಹಾಗಿದ್ರೆ ಎರಡೂ ಖಾತೆ ಒಂದೇ ಮನೆಯದ್ದಾದ ಕಡೆ ಎಲ್ಲಾದ್ರೂ ಇದ್ಯಾ? ಸ್ವಲ್ಪ ಮಟ್ಟಿಗೆ ಇದೆ. ಅದಕ್ಕೆ ಮುಂಚೆ ರಂಗನತಿಟ್ಟು ನೋಡ್ಕೊಂಡು ಹೋಗೋಣ.

9/11
ರಂಗನತಿಟ್ಟು

1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ್ ನೀರಾವರಿಗೆ ಅಂತ ಶ್ರೀರಂಗಪಟ್ಟಣದ ಹತ್ರ ಕಾವೇರಿಗೆ ಒಡ್ಡು ಹಾಕಿಸಿದ್ರು. ಹೊಳೆ ನಡುವೆ ತಿಟ್ಟುಗಳು ಉಳಿದ್ವು. ಸುತ್ತ ನೀರು ಇರೋದ್ರಿಂದ ಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭವಾಗಿ ಹೋಗಲ್ಲ. ಹಕ್ಕಿಗಳಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಭತ್ತಕ್ಕೆ ಕಟ್ಟಿದ ಒಡ್ಡು ಹಕ್ಕಿಗೆ ಮನೆ ಆಯ್ತು.

ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆಗೆ ಬಂದಿದ್ದ ಸಲೀಂ ಅಲಿ ಇದನ್ನ ನೋಡಿ ಅರಸರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮ ಮಾಡಿಸಿದ್ರು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ, ಅಂದ್ರೆ ಜಿಲ್ಲೆಗಿಂತ ಒಂದೇ ವರ್ಷ ಚಿಕ್ಕದು ಈ ಧಾಮ. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ ಆಯ್ತು.

ಅಳತೆಯಲ್ಲಿ ಒಂದು ಚದರ ಕಿ.ಮೀ. ಕೂಡ ಇಲ್ಲ. ಆದರೆ ದೋಣಿಯಲ್ಲಿ ಕೂತು ಹತ್ತು ಅಡಿ ದೂರದಿಂದ ಮೊಸಳೆ, ಗೂಡು, ಮರಿ ನೋಡೋದು ಕ್ರೂಗರ್‌ನಲ್ಲಿ ಕಾರಿಂದ ಆಗಲ್ಲ. ಮೊದಲ ಸಲ ಹಕ್ಕಿ ನೋಡೋರಿಗೆ, ಮಕ್ಕಳು, ವಯಸ್ಸಾದವರಿಗೆ ಇದೇ ಸರಿ. ಡಿಸೆಂಬರ್‌ನಿಂದ ಮೇ ಒಳಗೆ ಹೋಗಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸ್ತಾರೆ.

10/11
ಕೊಕ್ಕರೆ ಬೆಳ್ಳೂರು

ಈಗ ನಮ್ಮ ಮದ್ದೂರು ತಾಲೂಕಿನ ಊರು. ಹೆದ್ದಾರಿಯ ರುದ್ರಾಕ್ಷಿಪುರದ ಹತ್ರ ತಿರುಗಿ ಹನ್ನೆರಡು ಹದಿಮೂರು ಕಿ.ಮೀ. ಇಲ್ಲಿ ಬೇಲಿ ಇಲ್ಲ, ಜೀಪ್ ಇಲ್ಲ. ಮನೆ ಹಿತ್ತಲ ಹುಣಸೆ ಮರ, ಬೀದಿಯ ಆಲ, ಅರಳಿ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ತವೆ. ಕೆಳಗೆ ಜನ ರಾಗಿ ಒಣಗಿಸ್ತಾ, ದನ ಕಟ್ತಾ ಇರ್ತಾರೆ.

ಮುಂಚೆ ಊರು ಶಿಂಷಾ ದಡದಲ್ಲೇ ಇತ್ತು, ಸುಮಾರು ನೂರು ವರ್ಷದ ಹಿಂದೆ ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆ ಬಂದ್ವು ಅಂತ ಊರಿನ ಹಿರಿಯರ ಮಾತು. ಈ ಹಕ್ಕಿಗಳನ್ನ ಬಾಣಂತನಕ್ಕೆ ತವರಿಗೆ ಬಂದ ಮಗಳ ಹಾಗೆ ನೋಡ್ತಾರೆ. ಹಿಕ್ಕೆ ಬಿದ್ದ ಮಣ್ಣು ಗದ್ದೆಗೆ ಗೊಬ್ಬರ. 1976ರಲ್ಲಿ ಎಸ್.ಜಿ. ನೇಗಿನಹಾಳ್ ಅನ್ನೋ ಅರಣ್ಯಾಧಿಕಾರಿ, ಆಮೇಲೆ ಬೆಂಗಳೂರು ಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದವರು, ಇಲ್ಲಿನ ಹೆಜ್ಜಾರ್ಲೆಗಳನ್ನ ಹೊರಜಗತ್ತಿಗೆ ತೋರಿಸಿದ್ರು. 1994ರಿಂದ ಮೈಸೂರಿನ ಕೆ. ಮನು ಮತ್ತು ಗೆಳೆಯರು ಊರವರ ಜೊತೆ ಸೇರಿ ಕೆಲಸ ಶುರು ಮಾಡಿದ್ರು, ಊರಿನ ಹುಡುಗರ "ಹೆಜ್ಜಾರ್ಲೆ ಬಳಗ" ಹುಟ್ಟಿತು. ಗೂಡಿಂದ ಬಿದ್ದ ಮರಿಗಳನ್ನ ಎತ್ತಿ, ಮೀನು ಹಾಕಿ ಸಾಕಿ ಬಿಡೋದು ಅವರ ಕೆಲಸ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಆಯ್ತು. ಯಾರನ್ನೂ ಎಬ್ಬಿಸದೆ ಆದ ಧಾಮ.

ಈಗ ಲೆಕ್ಕ. ಹಕ್ಕಿ ಗೂಡಲ್ಲಿ ಇರೋದು ಜನವರಿಯಿಂದ ಮೇ. ಹುಣಸೆ ಬಡಿಯೋ ಕಾಲವೂ ಅದೇ. ಗೂಡಿದ್ದ ಮರ ಬಡಿಯೋ ಹಾಗಿಲ್ಲ, ಆ ವರ್ಷದ ಹುಣಸೆ ಹೋಯ್ತು. ಮರ ಕಡಿದು ಮಾರೋ ಹಾಗೂ ಇಲ್ಲ. ಅರಣ್ಯ ಇಲಾಖೆ ಮರಕ್ಕೆ ಇಷ್ಟು ಅಂತ ವರ್ಷಕ್ಕೆ ಪರಿಹಾರ ಕೊಡುತ್ತೆ. ಅದನ್ನ ಹುಣಸೆ ರೇಟಿನ ಪಕ್ಕ ಇಟ್ಟು ನೋಡಿ, ಯಾವ ಕಡೆ ತೂಗುತ್ತೆ ಅಂತ ಮಾರ್ಕೆಟ್ಟಿಗೆ ಹೋಗೋ ಯಾರಿಗಾದ್ರೂ ಗೊತ್ತು. ಕಟ್ ಮಾಡಿದ್ರೆ ದುಡ್ಡು, ಉಳಿಸಿದ್ರೆ ವಾಸನೆ, ಗಲೀಜು, ಸದ್ದು. ಆದರೂ ಉಳಿಸಿದಾರೆ. ಓದಿದ ಪುಸ್ತಕದಲ್ಲಿ ಇದಕ್ಕೆ ಅವಕಾಶ ವೆಚ್ಚ ಅಂತ ಹೆಸರು. ಈ ವೆಚ್ಚವನ್ನ ತಲೆಮಾರುಗಳಿಂದ ಕಟ್ತಿರೋದು ಹಿತ್ತಲ ಮರದ ಮಾಲೀಕರು.

ಎಷ್ಟು ದಿನ ಕಟ್ತಾರೆ? ಹಳೇ ಮರ ಗಾಳಿಗೆ ಬೀಳ್ತವೆ, ಆ ಜಾಗದಲ್ಲಿ ಮನೆ ಏಳುತ್ತೆ. ಮೀನು ಸಿಗೋ ಕೆರೆಗಳು ಕೆಡ್ತಿವೆ. 2017-18ರಲ್ಲಿ ಹೊಟ್ಟೆ ಹುಳದ ಬಾಧೆಗೆ ಹತ್ತಾರು ಹೆಜ್ಜಾರ್ಲೆ ಸತ್ತು ಬಿದ್ವು. ಶಿಂಷಾ, ತೈಲೂರು ಕೆರೆ, ಸೂಳೆಕೆರೆ ಚೆನ್ನಾಗಿಲ್ಲ ಅಂದ್ರೆ ಊರವರು ಎಷ್ಟೇ ಪ್ರೀತಿ ಮಾಡಿದ್ರೂ ಹಕ್ಕಿ ಉಳಿಯಲ್ಲ.

11/11
ಹಾಗಾದ್ರೆ ಎಲ್ಲಿಗೆ?

ಕೊಕ್ಕರೆ ಬೆಳ್ಳೂರಿಗೆ ಆಫ್ರಿಕಾದಲ್ಲೂ ನೆಂಟರಿದಾರೆ. ಒಕಾವಾಂಗೊದ ಮೊರೆಮಿ 1963ರಲ್ಲಿ ಆದದ್ದು ಬ್ರಿಟಿಷರ ಆಜ್ಞೆಯಿಂದ ಅಲ್ಲ. ಬೇಟೆಗೆ ಪ್ರಾಣಿ ಖಾಲಿ ಆಗ್ತಿವೆ ಅಂತ ಬಟವಾನಾ ಜನ, ರಾಜಪ್ರತಿನಿಧಿ ಆಗಿದ್ದ ರಾಣಿ ಪುಲಾನೆ ಮೊರೆಮಿ ಮುಂದಾಳತ್ವದಲ್ಲಿ, ತಮ್ಮದೇ ಭೂಮಿಯಲ್ಲಿ ಮಾಡ್ಕೊಂಡ್ರು. (ಅಲ್ಲೂ ಬಸರ್ವಾ ಜನ ಜಾಗ ಬಿಡಬೇಕಾಯ್ತು, ಅದನ್ನೂ ಹೇಳಲೇಬೇಕು.) ಮಾರಾ ಸುತ್ತ 2000ದ ನಂತರ ಮಸಾಯಿ ಭೂಮಾಲೀಕರು ತಮ್ಮ ಜಮೀನು ಒಟ್ಟು ಮಾಡಿ ಪ್ರವಾಸಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟು ಬಾಡಿಗೆ ತಗೋತಿದಾರೆ. ಅವಕ್ಕೆ ಕನ್ಸರ್ವೆನ್ಸಿ ಅಂತಾರೆ. ನಮೀಬಿಯಾ 1996ರಲ್ಲಿ ಇಂಥದ್ದಕ್ಕೆ ಕಾನೂನೇ ಮಾಡ್ತು.

ಆದ್ದರಿಂದ ನನ್ನ ಉತ್ತರ ಇಷ್ಟು.

ಆಫ್ರಿಕಾಕ್ಕೆ ಹೋಗೋ ಶಕ್ತಿ ಇದ್ರೆ ಖಂಡಿತ ಹೋಗಿ. ಮೊದಲ ಸಲ, ಕುಟುಂಬದ ಜೊತೆ, ಸ್ವಂತ ಡ್ರೈವ್ ಇಷ್ಟ ಅಂದ್ರೆ ಕ್ರೂಗರ್. ವಲಸೆ ನೋಡಬೇಕು ಅಂದ್ರೆ ಮಾರಾ, ಆದರೆ ಪಕ್ಕದ ಕನ್ಸರ್ವೆನ್ಸಿಯಲ್ಲಿ ಉಳ್ಕೊಳ್ಳಿ. ಜೀಪ್ ಗುಂಪೂ ಕಡಿಮೆ, ಬಾಡಿಗೆ ಭೂಮಿಯವರಿಗೆ ಸೇರುತ್ತೆ. ಕೀನ್ಯಾಕ್ಕೆ ಹಳದಿ ಜ್ವರದ ಲಸಿಕೆ ಸರ್ಟಿಫಿಕೇಟ್ ಮರೀಬೇಡಿ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಕೇಳ್ತಾರೆ. ಬುಕ್ ಮಾಡುವಾಗ ಏಜೆಂಟಿಗೆ ಒಂದು ಪ್ರಶ್ನೆ ಕೇಳಿ: "ಈ ಜಾಗದ ಒಡೆಯರು ಯಾರು, ಅವರಿಗೆ ಎಷ್ಟು ಹೋಗುತ್ತೆ?" ಉತ್ತರ ತಡವರಿಸಿದ್ರೆ ಬೇರೆ ಏಜೆಂಟ್ ನೋಡಿ.

ಆನೆ ಹಿಂಡು ನೋಡಬೇಕು ಅಂದ್ರೆ ಏಪ್ರಿಲ್‌ನ ಕಬಿನಿ. ಹೊಳೆ, ಕಾಡು, ಅಳಿಲು ಅಂದ್ರೆ ಭೀಮೇಶ್ವರಿ, ಮುತ್ತತ್ತಿ. ಆದರೆ ನೀರಿಗೆ ಇಳೀಬೇಡಿ. ಸುಳಿಗೆ ಸಿಕ್ಕಿ ಅಲ್ಲಿ ಜೀವ ಕಳ್ಕೊಂಡವರು ತುಂಬಾ ಜನ. ತೋಳದ ಆಸೆ ಇದ್ರೆ 1974ರಲ್ಲಿ ಅದಕ್ಕಾಗೇ ಆದ ಮೇಲುಕೋಟೆ ಧಾಮ ಇದೆ, ಕಾಣೋದು ಅದೃಷ್ಟ.

ಆದರೆ ಇವೆಲ್ಲಕ್ಕೂ ಮುಂಚೆ, ಫೆಬ್ರವರಿ ಮಾರ್ಚಲ್ಲಿ ಒಂದು ಬೆಳಿಗ್ಗೆ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಉಳಿದ ಕಡೆ ಕಾಡು ಕಾಯೋಕೆ ಗಾರ್ಡ್ ಇದಾರೆ, ಕಾನೂನಿದೆ, ಗೇಟಿದೆ. ಇಲ್ಲಿ ಇರೋದು ಆ ಊರಿನವರ ಮನಸ್ಸು ಒಂದೇ. ಮುಂದಿನ ತಲೆಮಾರಿನ ಹುಡುಗ ಹಿತ್ತಲ ಹುಣಸೆಯನ್ನ ಕಡಿಯೋದೋ ಬಿಡೋದೋ ಅಂತ ಯೋಚಿಸುವಾಗ, ದೂರದಿಂದ ಜನ ಬಂದು ಮರ್ಯಾದೆಯಿಂದ ನೋಡಿ ಹೋಗ್ತಾರೆ, ಊರಿಗೆ ನಾಲ್ಕು ಕಾಸು ಆಗುತ್ತೆ ಅನ್ನೋದೂ ಆ ಲೆಕ್ಕದಲ್ಲಿ ಸೇರಲಿ.

ಹೋದಾಗ ಊರಿನ ಹುಡುಗರನ್ನೇ ಗೈಡಾಗಿ ಕರ್ಕೊಳ್ಳಿ, ದುಡ್ಡು ಕೊಡಿ. ಟೀ, ತಿಂಡಿ ಅಲ್ಲೇ ತಗೊಳ್ಳಿ. ಮರದ ಕೆಳಗೆ ಹಾರ್ನ್, ಸ್ಪೀಕರ್, ಡ್ರೋನ್ ಬೇಡ. ಯಾರದ್ದೋ ಹಿತ್ತಲಿಗೆ ಹೋಗೋ ಮುಂಚೆ "ಬರಬಹುದಾ ಅಮ್ಮಾ?" ಅಂತ ಕೇಳಿ. ಮರಿ ಕೆಳಗೆ ಬಿದ್ದಿದ್ರೆ ಸೆಲ್ಫಿ ತಗೊಳ್ಳದೆ ಊರವರಿಗೆ ಹೇಳಿ.

ನಿಮ್ಮ ಊರಲ್ಲಿ ಗೂಡು ಇರೋ ಮರ ಇದ್ರೆ, ಅದರ ಕಥೆ ನಿಮ್ಮ ಅಜ್ಜ ಅಜ್ಜಿಗೆ ಗೊತ್ತಿದ್ರೆ, ಕೆಳಗೆ ಬರೀರಿ. ಮುಂದಿನ ಸರಣಿ ಶಿಂಷಾ ಬಗ್ಗೆ.

#ಕೊಕ್ಕರೆಬೆಳ್ಳೂರು #ಮದ್ದೂರು #ಮಳವಳ್ಳಿ #ಮಂಡ್ಯ #ಹೆಜ್ಜಾರ್ಲೆ #ಮುತ್ತತ್ತಿ #ಸಫಾರಿಇತಿಹಾಸ